ಗೈಡ್ ಇಲ್ಲದೆ ಮಲೇಷ್ಯಾದ ಬೆಟ್ಟಗಾಡಿಗೆ ಹಕ್ಕಿ ನೋಡಲು ಹೋದವರು ಅನುಭವ ಹೇಳಿ

ಸಾಗರದ ಸಿಳ್ಳಾರ:
ಮಾರ್ಚ್‌ನಲ್ಲಿ ನಾನು, ನಮ್ಮಣ್ಣ ಇಬ್ಬರೇ ಹೊರಟಿದ್ದೀವಿ. ಕೌಲಾಲಂಪುರದ ಹತ್ತಿರದ ಫ್ರೇಜರ್ಸ್ ಹಿಲ್ ಅಥವಾ ಬೋರ್ನಿಯೋ ದ್ವೀಪದ ಕಿನಬಾಲು, ರಜೆ ಸಾಲೋದು ಒಂದಕ್ಕೇ. ಟೂರ್ ಕಂಪನಿ ಕೇಳೋ ದುಡ್ಡು ನಮ್ಮ ಕೈಲಾಗಲ್ಲ. ಇಬ್ಬರಿಗೂ ಕಾರು ಓಡಿಸೋಕೆ ಬರಲ್ಲ, ಊಟ ಸಸ್ಯಾಹಾರ. ಹೋಗಿ ಬಂದವರು ದಯವಿಟ್ಟು ಹೇಳಿ.

ಮೂಡಿಗೆರೆ ತೋಟದಿಂದ:
ಫ್ರೇಜರ್ಸ್ ಹಿಲ್, ಎರಡನೇ ಮಾತಿಲ್ಲ. ನಾನು, ನನ್ನ ಹೆಂಡತಿ ಕೌಲಾಲಂಪುರದಲ್ಲಿ ಕಾರು ಬಾಡಿಗೆಗೆ ತಗೊಂಡು ಹೋದ್ವಿ. ಸುಮಾರು ನೂರು ಕಿಲೋಮೀಟರ್, ನಮ್ಮ ಹಾಗೇ ಎಡಗಡೆ ಓಡಿಸೋದು. ಇಂಟರ್‌ನ್ಯಾಷನಲ್ ಪರ್ಮಿಟ್‌ಗೆ ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿದೆ. ಆದರೆ ಆ ಬಾಡಿಗೆಯವರ ವಿಷಯ ಹೇಳದೆ ಇರೋಕಾಗಲ್ಲ. ಕಾರ್ಡಿನಲ್ಲಿ 500 ರಿಂಗಿಟ್ ಡೆಪಾಸಿಟ್ ಹಿಡಿದರು. ವಾಪಸ್ ಕೊಡುವಾಗ ಹಿಂದಿನ ಬಂಪರಿನ ಅಡಿಯಲ್ಲಿ ಗೀರಿದೆ ಅಂತ 280 ಮುರಿದುಕೊಂಡರು. ಕಾರು ತಗೊಳ್ಳುವಾಗಲೇ ಅದೇ ಗೀರಿನ ಫೋಟೋ ತೆಗೆದಿದ್ದೆ, ತಾರೀಖು ಸಮೇತ ಕಳಿಸಿದೆ. ಉತ್ತರವೇ ಇಲ್ಲ. ಉಳಿದ 220 ಬರೋಕೆ ತಿಂಗಳು ದಾಟಿತು, ಬಂದಿದ್ದರಲ್ಲೂ ಬ್ಯಾಂಕಿನವರು ವಿನಿಮಯ ಅಂತ ಕಡಿದರು.

ಅದು ಬಿಟ್ಟರೆ ಆ ಬೆಟ್ಟ ಚಿನ್ನ. ರಾತ್ರಿ ದೀಪಕ್ಕೆ ಬಂದ ಪತಂಗ ಹೆಕ್ಕೋಕೆ ಬೆಳಗ್ಗೆ ಸಿಬಿಯಾ, ಬೆಳ್ಳಿಕಿವಿಯ ಮೆಸಿಯಾ ಹಕ್ಕಿಗಳು ರೂಮಿನ ಮುಂದೆಯೇ. ಟೆಲಿಕಾಂ ಲೂಪ್ ರಸ್ತೆ ಸುತ್ತ ನಡೆದರೆ ಸಾಕು, ಬಗೆಬಗೆ ಹಕ್ಕಿಗಳ ಮಿಶ್ರ ಹಿಂಡು ಬಂತೆಂದರೆ ದುರ್ಬೀನು ಯಾವ ಕಡೆ ತಿರುಗಿಸೋದು ತಿಳಿಯಲ್ಲ. ಶನಿವಾರ, ಭಾನುವಾರ ಮಾತ್ರ ಬೇಡ. ಇಡೀ ಕೌಲಾಲಂಪುರ ಮೇಲೆ ಹತ್ತುತ್ತೆ, 160 ರಿಂಗಿಟ್‌ನ ರೂಮಿಗೆ 290 ಕೇಳಿದರು.

ಮೈಸೂರು ಮಂಗಟ್ಟೆ:
ಕೌಲಾಲಂಪುರಕ್ಕೆ ಹತ್ತಿರ ಅನ್ನೋದು ಬಿಟ್ಟರೆ ಫ್ರೇಜರ್ಸ್ ಹಿಲ್‌ಗೆ ಹೋಗೋಕೆ ಕಾರಣ ಏನಿದೆ? ಆ ಸಿಬಿಯಾ, ಮೆಸಿಯಾ ಎಲ್ಲ ಬೇರೆ ದೇಶದ ಬೆಟ್ಟಗಳಲ್ಲೂ ಸಿಗುತ್ತವೆ. ಬೋರ್ನಿಯೋ ಬೆಟ್ಟದ ಹಕ್ಕಿ ಬೋರ್ನಿಯೋದಲ್ಲೇ ನೋಡಬೇಕು. 1880ರ ದಶಕದಲ್ಲಿ ಅಲ್ಲಿ ಹಕ್ಕಿ ಸಂಗ್ರಹಿಸಿದ ಜಾನ್ ವೈಟ್‌ಹೆಡ್ ಹೆಸರಿನವೇ ಮೂರಿವೆ: ಟ್ರೋಗನ್, ಬ್ರಾಡ್‌ಬಿಲ್, ಸ್ಪೈಡರ್‌ಹಂಟರ್. ಆ ಮೂರಕ್ಕಾಗಿ ಲೋಕದ ಎಲ್ಲ ಕಡೆಯಿಂದ ಜನ ಬರ್ತಾರೆ.

ನಾನು ಒಬ್ಬನೇ ಹೋಗಿದ್ದು, ಕಾರಿಲ್ಲದೆ. ಕೋಟ ಕಿನಬಾಲುವಿನಿಂದ ರನಾವ್ ಕಡೆ ಹೋಗೋ ವ್ಯಾನ್ ಹತ್ತಿ ಪಾರ್ಕಿನ ಗೇಟಲ್ಲೇ ಇಳಿದೆ. ಸೀಟು ತುಂಬೋವರೆಗೆ ಹೊರಡಲ್ಲ, ಬಿಸಿಲಲ್ಲಿ ಎರಡು ಗಂಟೆ ಕಾದೆ. ಪಾರ್ಕಿನೊಳಗಿನ ರೂಮಿನ ಬಾಡಿಗೆ ಕೇಳಿ ಎದೆ ಒಡೆಯಿತು, ಗೇಟಿನ ಹೊರಗೆ 90 ರಿಂಗಿಟ್‌ಗೆ ಇದ್ದೆ. ಮುಖ್ಯ ಕಚೇರಿ ಸುಮಾರು 1,500 ಮೀಟರ್ ಎತ್ತರ, ಅಲ್ಲಿಂದ ಶಿಖರದ ಹಾದಿ ಶುರುವಾಗೋ ಟಿಂಪೋಹೊನ್ ಗೇಟ್‌ಗೆ ಹೋಗೋ ಡಾಂಬರು ರಸ್ತೆ 1,866ಕ್ಕೆ ಮುಟ್ಟುತ್ತೆ. ನಾನು ದಿನಾ ನಡೆದೇ ಹತ್ತಿದೆ. ಶಿಖರ ಹತ್ತೋರಿಗೆ ಬೇರೆ ಪರ್ಮಿಟ್, ಗೈಡ್ ಕಡ್ಡಾಯ. ಹಕ್ಕಿ ನೋಡೋರಿಗೆ ಅದೇನೂ ಬೇಡ. ಮಧ್ಯಾಹ್ನದ ಮಳೆ ದಿನ ಬಿಡಲಿಲ್ಲ, ದುರ್ಬೀನಿನ ಒಳಗೇ ಹಬೆ ಕೂತು ಆಮೇಲೆ ಬೆಂಗಳೂರಲ್ಲಿ 3,800 ರೂಪಾಯಿ ರಿಪೇರಿ. ಸಿಲಾವ್-ಸಿಲಾವ್ ಹಾದಿಯಲ್ಲಿ ಟ್ರೋಗನ್ ಸಿಕ್ಕಿತು, ಗಂಡು, ತಲೆ, ಹೊಟ್ಟೆ ಕಡುಗೆಂಪು. ಬ್ರಾಡ್‌ಬಿಲ್ ಸಿಗಲಿಲ್ಲ, ಆ ನೋವು ಇನ್ನೂ ಇದೆ.

ಮೂಡಿಗೆರೆ ತೋಟದಿಂದ:
ಮಂಗಟ್ಟೆಯವರೇ, ಗೊತ್ತಿಲ್ಲದ್ದನ್ನ ಹೇಳಬೇಡಿ. ಮಲಯನ್ ಸಿಳ್ಳಾರ, ಮೌಂಟನ್ ಪೀಕಾಕ್ ಫೆಸೆಂಟ್ ಎರಡೂ ಮಲೇಷ್ಯಾ ಪರ್ಯಾಯದ್ವೀಪ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಆ ಸಿಳ್ಳಾರವನ್ನ ನಸುಗತ್ತಲಲ್ಲಿ ರಸ್ತೆ ಬದಿಯ ಚರಂಡಿ ಹತ್ತಿರ ನೋಡಿದ್ದೀನಿ.

ಧಾರವಾಡ ಮಾವಶಿ:
ನೀವಿಬ್ಬರೂ ಜಗಳಾಡ್ರಿ, ನಾ ಥಾಯ್ಲೆಂಡ್ ಹೇಳ್ತೀನಿ. ದೋಯ್ ಇಂಥನಾನ್, 2,565 ಮೀಟರ್, ಆ ದೇಶದಾಗ ಅದಕ್ಕಿಂತ ಎತ್ತರ ಇಲ್ಲ. ತುದೀ ಮ್ಯಾಲೆ ಆಂಗ್ ಕಾ ಅಂತ ಹಲಿಗಿ ಹಾಸಿದ ಹಾದಿ ಐತಿ. ಅಲ್ಲಿ ಹಸಿರು ಬಾಲದ ಸೂರಕ್ಕಿ ಹೂವಿನ ಮ್ಯಾಲ ಕೈಗೆ ಸಿಗೂವಷ್ಟು ಹತ್ರ ಕುಂತಿತ್ತು. ಮೊಣಕಾಲು ನೋವಿನ ನಾನೂ ನಡದೀನಿ. ಪಾರ್ಕಿನ ಟಿಕೆಟ್ ವಿದೇಶಿಯರಿಗೆ 300 ಬಾತ್, ಮರುದಿನ ಹೋದ್ರ ಮತ್ತ 300. ಚಿಯಾಂಗ್ ಮಾಯ್‌ನಿಂದ ವ್ಯಾನ್ ಮಾಡಿದ್ವಿ, ದಿನಕ್ಕ 2,200 ಬಾತ್, ಡೀಸೆಲ್ ಬ್ಯಾರೆ. ಮಾರ್ಚಿನಾಗ ಮಾತ್ರ ಹೋಗಬ್ಯಾಡ್ರಿ. ಹೊಲ, ಕಾಡು ಸುಡತಾರ, ಹೊಗಿಯಾಗ ಎದುರಿನ ಗುಡ್ಡ ಕಾಣಂಗಿಲ್ಲ. ನಮ್ಮ ಯಜಮಾನ್ರ ಉಬ್ಬಸ ಕೆರಳಿ ಮೂರು ದಿನ ರೂಮಿನಾಗ ಕುಂತ್ವಿ, ರೊಕ್ಕ ಕಟ್ಟಿದ ವ್ಯಾನ್ ಹೊರಗ ನಿಂತಿತ್ತು.

ಕ್ಯಾಮೆರಾ ಕೊಡಗು:
ಫ್ರೇಜರ್ಸ್ ಹಿಲ್‌ನ ಬಿಷಪ್ ಹಾದಿಯಲ್ಲಿ ರಸ್ಟಿ-ನೇಪ್ಡ್ ಪಿಟ್ಟಾ ಹಕ್ಕಿ ಬೇಕಾದರೆ ಫೋನಿನಲ್ಲಿ ಅದರ ಕೂಗಿನ ರೆಕಾರ್ಡಿಂಗ್ ಹಾಕಿ, ಒಂದೇ ನಿಮಿಷ. ನನಗೆ ಪೂರ್ತಿ ಫ್ರೇಮ್ ಸಿಕ್ಕಿತು. ಆರು ಕಿಲೋ ಲೆನ್ಸು, ಟ್ರೈಪಾಡ್ ಹೊತ್ತು ಹೋದವನು ಬರಿಗೈಲಿ ಬರೋಕಾಗುತ್ತಾ? ಅಗ್ಗದ ವಿಮಾನದ ಏಳು ಕೆಜಿ ಮಿತಿ ದಾಟಿತು ಅಂತ ಕೌಂಟರಿನಲ್ಲಿ 5,400 ರೂಪಾಯಿ ಕಟ್ಟಿದ್ದೀನಿ.

ಮೈಸೂರು ಮಂಗಟ್ಟೆ:
ದಯವಿಟ್ಟು ಈ ಸಲಹೆ ಅಳಿಸಿ. ದಿನಾ ಹತ್ತು ಜನ ಬಂದು ಕೂಗು ಹಾಕಿದರೆ ಆ ಹಕ್ಕಿ ಇಲ್ಲದ ಎದುರಾಳಿಯನ್ನ ಹುಡುಕುತ್ತಾ ಗೂಡು, ಮರಿ ಬಿಟ್ಟು ಓಡಾಡುತ್ತೆ. ನಮ್ಮ ಕಡೆಯ ಪಿಟ್ಟಾ, ನವರಂಗಕ್ಕೆ ಇದನ್ನೇ ಮಾಡಿದರೆ ಸುಮ್ಮನಿರ್ತೀರಾ?

ಕ್ಯಾಮೆರಾ ಕೊಡಗು:
ಅಲ್ಲಿನ ಗೈಡ್‌ಗಳೇ ಹಾಕ್ತಾರೆ, ಹುಳ ಇಟ್ಟು ಕರೀತಾರೆ. ಅವರಿಗೆ ಹೇಳಿ ಹೋಗಿ. ನಾನು ಯಾವ ಗೂಡನ್ನೂ ಮುಟ್ಟಿಲ್ಲ.

ಮೈಸೂರು ಮಂಗಟ್ಟೆ:
ಇನ್ನೊಬ್ಬ ಮಾಡ್ತಾನೆ ಅಂದ ಮಾತ್ರಕ್ಕೆ ಅದು ಸರಿಯಾಗಲ್ಲ. ನಾನು ಬ್ರಾಡ್‌ಬಿಲ್ ಬಿಟ್ಟು ಬಂದೆ, ಫೋನ್ ಜೇಬಿನಿಂದ ತೆಗೆಯಲಿಲ್ಲ.

ಮೂಡಿಗೆರೆ ತೋಟದಿಂದ:
ಈ ವಿಷಯಕ್ಕೆ ಮಂಗಟ್ಟೆಯವರ ಪರ ನಾನೂ ಇದ್ದೀನಿ. ಇಂಬಳಕ್ಕೆ ಮಾತ್ರ ಸಾಕ್ಸ್ ಮರೀಬೇಡಿ, ನಮ್ಮ ಮಲೆನಾಡಿನವೇ ವಾಸಿ.

ಸಾಗರದ ಸಿಳ್ಳಾರ:
ಎಲ್ಲರಿಗೂ ವಂದನೆ. ಆದರೆ ಕಾರಿಲ್ಲದೆ ಫ್ರೇಜರ್ಸ್ ಹಿಲ್‌ಗೆ ಹೇಗೆ? ಊಟ?

ಕ್ಲಾಂಗ್ ಕನ್ನಡತಿ:
ನಾನು ಮಲೇಷ್ಯಾದಲ್ಲೇ ಇರೋದು, ಕಾರಿಲ್ಲ. ಕೌಲಾಲಂಪುರದಿಂದ ಬೆಟ್ಟದ ಕೆಳಗಿನ ಊರು ಕುವಾಲಾ ಕುಬು ಬಾರುವರೆಗೆ ಕೊಮ್ಯೂಟರ್ ರೈಲು. ಸ್ಟೇಷನ್ ಊರಿಂದ ದೂರ. ಅಲ್ಲಿಂದ ಮೇಲಕ್ಕೆ ಟ್ಯಾಕ್ಸಿ, ನಾನು ಹೋದಾಗ 120 ರಿಂಗಿಟ್. ಇಳಿಯೋ ದಿನ, ಹೊತ್ತು ಅದೇ ಡ್ರೈವರ್ ಹತ್ತಿರ ಹೇಳಿಟ್ಟುಕೊಳ್ಳಿ, ಮೇಲೆ ಆ್ಯಪ್‌ನಲ್ಲಿ ಗಾಡಿ ಸಿಗೋದು ಕಷ್ಟ. ದಾರಿಯಲ್ಲಿ ಸಿಗೋ ಗ್ಯಾಪ್ ಅನ್ನೋ ಜಾಗದಿಂದ ಮೇಲಿನ ಹೊಸ ರಸ್ತೆ ಭೂಕುಸಿತದಿಂದ ಮುಚ್ಚಿದ್ದರೆ ಇಕ್ಕಟ್ಟಿನ ಹಳೇ ರಸ್ತೆಯಲ್ಲಿ ಸರದಿ ಪ್ರಕಾರ ಬಿಡ್ತಾರೆ, ಅದನ್ನೂ ಆ ಡ್ರೈವರನ್ನೇ ಕೇಳಿ. ಕೆಳಗಿನ ಊರಲ್ಲಿ ತಮಿಳರ ಹೋಟೆಲಿನಲ್ಲಿ ಇಡ್ಲಿ, ಅನ್ನ ಸಿಗುತ್ತೆ. ಮೇಲೆ ಹೋದಾಗ ಸೊಪ್ಪಿನ ಪಲ್ಯ ಅಂತ ಕೊಟ್ಟರೂ ಬೆಲಾಚಾನ್ ಹಾಕಿದ್ದಾರಾ ಕೇಳಿ, ಅದು ಸಿಗಡಿ ಹುದುಗಿಸಿ ಮಾಡಿದ್ದು.

ಕ್ಯಾಮೆರಾ ಕೊಡಗು:
ಕಾಡಿಗೆ ಹೋಗಿ ಊಟಕ್ಕೆ ಇಷ್ಟು ಮಡಿ ಯಾಕೆ? ಮೊಟ್ಟೆನಾದ್ರೂ ತಿನ್ನಲಿ.

ಧಾರವಾಡ ಮಾವಶಿ:
ಅವರ ಊಟ ಅವರದು ತಮ್ಮಾ, ನೀ ಯಾಕ ಕಟ್ಟಳಿ ಮಾಡ್ತಿ? ಅವಲಕ್ಕಿ, ಚಟ್ನಿಪುಡಿ ಒಯ್ರಿ. ನಮಗ ಅದರ ಮ್ಯಾಲೇ ದಿನ ಹೋದ್ವು.

ಮೈಸೂರು ಮಂಗಟ್ಟೆ:
ಟ್ಯಾಕ್ಸಿಗೇ ಹೋಗಿ ಬರೋದು 240 ಆಯಿತು. ಕಿನಬಾಲು ವ್ಯಾನ್‌ಗೆ ನಾನು ಕೊಟ್ಟಿದ್ದು ಒಂದು ಕಡೆಗೆ 30.

ಮೂಡಿಗೆರೆ ತೋಟದಿಂದ:
ಕೌಲಾಲಂಪುರದಿಂದ ಬೋರ್ನಿಯೋಕ್ಕೆ ಇನ್ನೊಂದು ವಿಮಾನ ಹತ್ತಬೇಕಲ್ಲ, ಅದರ ಲೆಕ್ಕ ಎಲ್ಲಿ?