ಅಮ್ಮನ ಗರ್ಭಕೋಶದ ಗಡ್ಡೆ: ಎರಡು ಸ್ಕ್ಯಾನ್, ಎರಡು ಅಳತೆ

ಸಕಲೇಶಪುರದ_ಮಗಳು:
ಅಮ್ಮನಿಗೆ 46. ಒಂದು ವರ್ಷದಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ತೋರಿಸುವುದು ಮುಂದೆ ಮುಂದೆ ಹೋಯಿತು. ಜನವರಿಯಲ್ಲಿ ಊರಲ್ಲೇ ಹೊಟ್ಟೆ ಮೇಲಿಂದ ಸ್ಕ್ಯಾನ್ ಮಾಡಿಸಿದಾಗ 4.2 ಸೆಂ.ಮೀ. ಫೈಬ್ರಾಯ್ಡ್ ಗಡ್ಡೆ ಅಂತ ಬಂತು. ಮೊನ್ನೆ ಹಾಸನದಲ್ಲಿ ಮಾಡಿಸಿದರೆ 4.8, ಜೊತೆಗೆ 'ಅಡಿನೋಮಯೋಸಿಸ್ ಇರಬಹುದು' ಅಂತ ಬೇರೆ ಬರೆದಿದ್ದಾರೆ. ಮೂರು ತಿಂಗಳಲ್ಲಿ ಅಷ್ಟು ಬೆಳೆಯಿತಾ? ಈಗ ಯೋನಿಯ ಒಳಗಿಂದ ಮಾಡುವ ಸ್ಕ್ಯಾನ್, ಟಿವಿಎಸ್, ಬೇಕು ಅಂದಿದ್ದಾರೆ. ಅಮ್ಮ ಸುತರಾಂ ಒಪ್ಪುತ್ತಿಲ್ಲ. ಚಿಕ್ಕಮ್ಮನದು ಒಂದೇ ಮಾತು, ಸುಮ್ನೆ ಗರ್ಭಕೋಶ ತೆಗೆಸಿಬಿಡಿ ಅಂತ.

ರೇಡಿಯಾಲಜಿ_ಪಿಜಿ:
6 ಮಿ.ಮೀ.ಗೆ ಹೆದರಬೇಡಿ. ಗಡ್ಡೆ ನಿಂಬೆಹಣ್ಣಿನ ಹಾಗೆ ಗುಂಡಗೆ ಇರುವುದಿಲ್ಲ, ಅಳೆಯುವವರು ಪ್ರೋಬ್ (ಸ್ಕ್ಯಾನ್ ಮಾಡುವ ಉಪಕರಣ) ಹಿಡಿದ ಕೋನ ಬದಲಾದರೂ ಅಷ್ಟು ಆಚೀಚೆ ಆಗುತ್ತದೆ. ಗಡ್ಡೆ ಎಲ್ಲಿದೆ ಅನ್ನುವುದು ಮುಖ್ಯ. ಹೊರಮೈಗೆ ಚಾಚಿಕೊಂಡ ದೊಡ್ಡ ಗಡ್ಡೆ ತೊಂದರೆ ಕೊಡದೆ ಇರಬಹುದು, ಒಳಪದರಕ್ಕೆ ಒತ್ತಿಕೊಂಡ 2 ಸೆಂ.ಮೀ. ಗಡ್ಡೆ ರಕ್ತ ಹರಿಸಿ ಸುಸ್ತು ಮಾಡುತ್ತದೆ. ರಿಪೋರ್ಟಿನಲ್ಲಿ ಸಬ್‌ಮ್ಯೂಕೋಸಲ್ (ಒಳಪದರದ ಕೆಳಗೆ), ಇಂಟ್ರಾಮ್ಯೂರಲ್ (ಗೋಡೆಯೊಳಗೆ), ಸಬ್‌ಸೀರೋಸಲ್ (ಹೊರಮೈ ಕಡೆ) ಇವುಗಳಲ್ಲಿ ಯಾವ ಪದ ಇದೆ ನೋಡಿ.

ಫೈಬ್ರಾಯ್ಡ್ ಸಾಮಾನ್ಯವಾಗಿ ಅಂಚು ಸ್ಪಷ್ಟವಾಗಿರುವ ಕಪ್ಪು ಉಂಡೆಯಂತೆ ಕಾಣುತ್ತದೆ, ಹಿಂದೆ ನೆರಳು ಬೀಳುತ್ತದೆ. ಅಡಿನೋಮಯೋಸಿಸ್ ಅಂದರೆ ಒಳಪದರ ಗರ್ಭಕೋಶದ ಗೋಡೆಯೊಳಗೇ ಬೆಳೆಯುವುದು; ಅದಕ್ಕೆ ಅಂಥ ಅಂಚು ಇಲ್ಲ, ಗೋಡೆಯೇ ದಪ್ಪಗಾಗಿ ಮಸುಕಾಗಿರುತ್ತದೆ. ಹೊಟ್ಟೆ ಮೇಲಿಂದ ನೋಡಿದರೆ, ಅದರಲ್ಲೂ ಮೈ ಸ್ವಲ್ಪ ತುಂಬಿಕೊಂಡಿದ್ದರೆ, ಎರಡನ್ನೂ ಬೇರೆ ಮಾಡುವುದು ಕಷ್ಟ. ಟಿವಿಎಸ್‌ನಲ್ಲಿ ಪ್ರೋಬ್ ಗರ್ಭಕೋಶದ ಪಕ್ಕಕ್ಕೇ ಹೋಗುತ್ತದಲ್ವಾ, ಚಿತ್ರ ಸ್ಪಷ್ಟ.

ಬೇಲೂರು_ಆಂಟಿ:
ನಾನೂ ಹೀಗೇ ಹಟ ಮಾಡಿದವಳು. ಹೊಟ್ಟೆ ಮೇಲಿನ ಸ್ಕ್ಯಾನಿಗೆ ಮೂತ್ರ ಕಟ್ಟಿಕೊಂಡು ಬನ್ನಿ ಅಂದರು ಅಂತ ಮನೆಯಲ್ಲೇ ಒಂದು ಲೀಟರ್ ನೀರು ಕುಡಿದು ಹಾಸನದ ಬಸ್ ಹತ್ತಿದೆ, ಹಗರೆ ದಾಟುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಒಳಗಿಂದ ಮಾಡುವುದಕ್ಕೆ ಆ ಪಾಡಿಲ್ಲ, ಮೂತ್ರ ಮಾಡಿಯೇ ಮಲಗಬೇಕು. ಲೇಡಿ ಡಾಕ್ಟರೇ ಬೇಕು ಅಂತ ಮೊದಲೇ ಕೇಳಿ, ನೀವು ಜೊತೆಗಿರಿ. ನನಗೆ ಸ್ವಲ್ಪ ಒತ್ತಿದ ಹಾಗಾಯಿತು, ಅಷ್ಟೇ. ರಕ್ತ ಅಷ್ಟು ಹೋಗುತ್ತಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಮಗಳೇ?

ರೇಡಿಯಾಲಜಿ_ಪಿಜಿ:
ಚಿಕ್ಕಮ್ಮನಿಗೆ ಹೇಳಿ, ಫೈಬ್ರಾಯ್ಡ್ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ನಿಂತ ಮೇಲೂ ಬೆಳೆದರೆ ಮಾತ್ರ ಬಿಡದೆ ತೋರಿಸಬೇಕು.

ಸಕಲೇಶಪುರದ_ಮಗಳು:
ಇಂಟ್ರಾಮ್ಯೂರಲ್ ಅಂತಿದೆ. ಹಿಮೋಗ್ಲೋಬಿನ್ ಯಾರೂ ಬರೆದುಕೊಟ್ಟಿಲ್ಲ, ನಾವೂ ಕೇಳಿಲ್ಲ. ನಾಳೆಯೇ ಮಾಡಿಸುತ್ತೇನೆ. ಆಂಟಿ, ನಿಮ್ಮ ಬಸ್ಸಿನ ಕಥೆ ಓದಿ ಹೇಳಿದೆ, ಅಮ್ಮ ನಕ್ಕಳು. ಇನ್ನೂ ಹೂಂ ಅಂದಿಲ್ಲ.