ಚಿರೆಕಲ್ಲು ಕ್ವಾರಿಯಲ್ಲಿ ಪಿಸ್ತೂಲ್ ರೇಂಜ್: ಚಪ್ಪಟೆ ಮೂತಿಯ ಗುಂಡಾದರೆ ಸಾಕಾ?

ಅಘನಾಶಿನಿ:
ಕುಮಟಾ ಹತ್ತಿರ ನಾವು ಕೆಲವರು ಸೇರಿ 25 ಮೀಟರ್ ಪಿಸ್ತೂಲ್ ರೇಂಜ್ ಮಾಡಬೇಕೆಂದಿದ್ದೇವೆ. ಪರವಾನಗಿಗೆ ಅರ್ಜಿ ಹಾಕುವ ಮೊದಲು ಜಾಗ ಗಟ್ಟಿ ಮಾಡಿಕೊಳ್ಳಬೇಕು. ಕಲ್ಲು ತೆಗೆದು ಬಿಟ್ಟ ಚಿರೆಕಲ್ಲು ಕ್ವಾರಿ ಒಂದಿದೆ. ಹಿಂದೆ ಎರಡಾಳೆತ್ತರದ ಕಡಿದಾದ ಗೋಡೆ. ತಳ ಸಪಾಟು, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ನಮ್ಮಲ್ಲೊಬ್ಬರು, "ಮೂತಿ ಚಪ್ಪಟೆ ಇರುವ ಗುಂಡು ಹಾಕಿದರೆ ಪುಟಿಯೋದೇ ಇಲ್ಲ, ಗೋಡೆ ಹಾಗೇ ಇರಲಿ" ಅಂತಾರೆ. ಆಚೆ ಗೇರು ತೋಟ, ಅದರಾಚೆ ಮನೆಗಳು. ನನಗೆ ಧೈರ್ಯ ಬರ್ತಾ ಇಲ್ಲ. ಗೊತ್ತಿದ್ದವರು ಹೇಳಿ.

ಸದಾಶಿವಗಡ:
ನಿಮ್ಮ ಅಳುಕು ಸರಿಯಾಗಿದೆ. ಹಾಗೇ ಬಿಡಬೇಡಿ.

ಮೂತಿಯಿಂದ ವ್ಯತ್ಯಾಸ ಆಗುವುದು ನಿಜ. ದುಂಡು ಮೂತಿಯದು ಮಣ್ಣು, ನೀರಿನ ಮೇಲೆ ಓರೆಯಾಗಿ ಬಿದ್ದರೆ ಜಾರಿ ಮೇಲೇಳುತ್ತದೆ. ಚಪ್ಪಟೆ ಮೂತಿಯ ಅಂಚು ಕಚ್ಚಿಕೊಳ್ಳುತ್ತದೆ, ಹಾಗಾಗಿ ಏಳುವುದು ಕಡಿಮೆ. ಕಡಿಮೆ ಅಷ್ಟೇ. ಕಲ್ಲು, ಕಬ್ಬಿಣಕ್ಕೆ ಬಡಿದಾಗ ಮೂತಿಯನ್ನು ನಂಬಿ ಕೂರುವಂತಿಲ್ಲ. ಅಲ್ಲಿ ಮುಖ್ಯ ಕೋನ.

ಮೇಲಾಗಿ ಆರಿಸಿಕೊಳ್ಳುವುದೂ ನಮ್ಮ ಕೈಯಲ್ಲಿಲ್ಲ. ಪಾಯಿಂಟ್ 22 ಪಿಸ್ತೂಲಿಗೆ (ಈ ಅಂಕಿ ಇಂಚಿನ ಲೆಕ್ಕದಲ್ಲಿ ನಳಿಗೆಯ ಅಳತೆ) ಬರುವುದು ಹೆಚ್ಚಾಗಿ ದುಂಡು ಮೂತಿಯ ಸೀಸದ ಗುಂಡೇ. ವಾಡ್‌ಕಟರ್ ಅನ್ನುವ ಚಪ್ಪಟೆ ಮೂತಿಯ ಗುಂಡು ಇರುವುದು ಪಾಯಿಂಟ್ 32 ಸೆಂಟರ್ ಫೈರ್‌ಗೆ (ತೋಟೆಯ ತಳದ ನಡುವೆ ಕಿಡಿಮದ್ದು ಇರುವಂಥದ್ದು). ಕಾಗದದಲ್ಲಿ ತೂತು ಸ್ವಚ್ಛವಾಗಿ ಬೀಳಲಿ, ಅಂಕ ಎಣಿಸಲು ಸುಲಭ ಆಗಲಿ ಅಂತ ಅದನ್ನು ಮಾಡಿದ್ದು.

ನನಗೆ ಗೋಡೆಗಿಂತ ತಳದ್ದೇ ಜಾಸ್ತಿ ಚಿಂತೆ. ಭುಜದೆತ್ತರ 1.4 ಮೀಟರ್ ಅಂತಿಟ್ಟುಕೊಳ್ಳಿ. ಹೊಸಬರು ಟ್ರಿಗರ್ ಎಳೆಯುವಾಗ ಮಣಿಕಟ್ಟು ಕೆಳಗೆ ಒತ್ತುತ್ತಾರೆ, ಗುಂಡು 20 ಮೀಟರಿನಲ್ಲೇ ನೆಲಕ್ಕೆ ತಾಗುತ್ತದೆ. ಆಗ ಕೋನ ಬರೇ 4 ಡಿಗ್ರಿ! ದುಂಡನೆಯ ಸೀಸದ ಗೋಲಿ ಸುಮಾರು 5 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಿದ್ದರೆ ನೀರಿನ ಮೇಲಿಂದಲೂ ಪುಟಿಯುತ್ತದೆ. ಇನ್ನು ಕಲ್ಲು ತಳ ಬಿಟ್ಟೀತಾ? ಎದ್ದದ್ದು ಹೆಚ್ಚಾಗಿ ಗೋಡೆಗೇ ಹೋಗುತ್ತದೆ. ಆದರೆ ಚಿರೆಕಲ್ಲಿನ ಮೈಯೆಲ್ಲ ತೂತು, ಉಬ್ಬು. ಯಾವ ಉಬ್ಬಿಗೆ ತಾಗಿ ಎತ್ತ ತಿರುಗುತ್ತದೋ ಹೇಳಲಾಗದು. ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ತೋಟದಲ್ಲಿ ಗೇರುಬೀಜ ಹೆಕ್ಕುವವರು ಇರ್ತಾರೆ ಅಲ್ವಾ?

ಗೋಡೆಗೆ ಒತ್ತಿ ಜರಡಿ ಹಿಡಿದ ಮಣ್ಣಿನ ದಿಬ್ಬ ಹಾಕಿ. ತಳಕ್ಕೂ ಕಲ್ಲಿಲ್ಲದ ಮಣ್ಣು ಹಾಸಿ, ನೀರು ಹರಿದು ಹೋಗಲು ಕಾಲುವೆ ತೆಗೆಯಿರಿ. ಮೇಲಕ್ಕೆ ಹೋಗುವ ಗುಂಡಿಗೆ ತಲೆಮೇಲೆ ಅಡ್ಡ ಹಲಗೆ ಬೇಕೇ ಬೇಕು. ಅದರ ನಕ್ಷೆ ಮಾತ್ರ ರೇಂಜ್ ಕಟ್ಟಿ ಅನುಭವ ಇರುವವರಿಂದಲೇ ಮಾಡಿಸಿ.

ಶಿರಸಿ ಅಪ್ಪಚ್ಚಿ:
ತಮ್ಮಾ, ಸದಾಶಿವಗಡದವರು ಹೇಳಿದ್ದು ಸರಿ. ಒಂದೆರಡು ಸೇರಿಸ್ತೇನೆ. ನಮ್ಮ ಮಳೆಗೆ ಮಣ್ಣಿನ ದಿಬ್ಬ ನಿಲ್ಲೋದಿಲ್ಲ. ಮೇಲೊಂದು ತಗಡಿನ ಮಾಡು ಇಳಿಸಿ, ಬದಿಗೆ ಅಡಕೆ ಸೋಗೆ ಕಟ್ಟಿ. ಎಲ್ಲರೂ ಗುರಿಯ ನಡುವಿಗೇ ಹೊಡೆಯೋದರಿಂದ ಅದರ ಹಿಂದಿನ ಮಣ್ಣಲ್ಲಿ ಸೀಸ ಗಂಟು ಕಟ್ಟುತ್ತದೆ. ಆಮೇಲೆ ಗುಂಡು ಬೀಳೋದು ಮಣ್ಣಿಗಲ್ಲ, ಗುಂಡಿಗೇ! ಆಗಾಗ ಅಗೆದು ಜರಡಿ ಹಿಡಿಯಿರಿ. ಗುರಿಯಾಗಿ ಕಬ್ಬಿಣದ ತಟ್ಟೆ ಇಡೋದಾದರೆ ಮುಖ ಕೆಳಗೆ ವಾಲಿರಲಿ. ಗುಳಿ ಬಿದ್ದ ತಟ್ಟೆ ಚೂರನ್ನು ಹೊಡೆದವನ ಕಡೆಗೇ ಎಸೆಯುತ್ತದೆ, ಅದನ್ನು ತೆಗೆದುಬಿಡಿ. ನೋಡಲು ಬಂದವರಿಗೂ ಕನ್ನಡಕ ಕೊಡಿ.

ಕಾಲುವೆ ನೀರನ್ನು ಬಾವಿ ಕಡೆ ಮಾತ್ರ ಬಿಡಬೇಡಿ, ಸೀಸ ಇಳಿಯುತ್ತದೆ.

ಅಘನಾಶಿನಿ:
ತುಂಬಾ ಉಪಕಾರ ಆಯ್ತು ಅಪ್ಪಚ್ಚಿ, ಸದಾಶಿವಗಡ ಅವರಿಗೂ. 4 ಡಿಗ್ರಿಯ ಲೆಕ್ಕವನ್ನು ಸಭೆಯಲ್ಲಿ ಚಿತ್ರ ಬರೆದು ತೋರಿಸುತ್ತೇನೆ. ಕೆಳಗಡೆ ಒಂದು ಬಾವಿ ಇದೆ, ಕಾಲುವೆಯನ್ನು ಇನ್ನೊಂದು ಬದಿಗೆ ತಿರುಗಿಸಬೇಕು.