ಬಣ್ಣದವರು ಬರುವ ಮುನ್ನ ಅಟ್ಟದ ಮೇಲಿನ ಬಂದೂಕು

ಸಂಚಾಲಕರು: ಪುಣೆಯ ನಮ್ಮ ಕನ್ನಡಿಗರ ಗುಂಪಿನಲ್ಲಿ ದೀಪಾವಳಿಗೆ ಮುಂಚೆ ಸುಣ್ಣಬಣ್ಣದ ಪ್ರಶ್ನೆಗಳು ಬರುವುದು ವಾಡಿಕೆ. ಈ ಬಾರಿ ಒಂದೇ ವಾರದಲ್ಲಿ ಮೂರು ಮನೆಯವರು ಬೇರೆಯದೇ ಪ್ರಶ್ನೆ ಕೇಳಿದ್ದಾರೆ. ಮನೆಯಲ್ಲಿ ಪರವಾನಗಿಯ ಬಂದೂಕು ಇರುವಾಗ, ಕೆಲಸಗಾರರ ಕೈಗೆ ಮನೆಯ ಕೀಲಿ ಕೊಟ್ಟು ನಾವು ಆಫೀಸಿಗೆ ಹೋಗಬಹುದೇ? ಸೇನೆಯಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ನಿವೃತ್ತರಾಗಿ, ಈಗ ಕ್ಯಾಂಪ್ ಭಾಗದ ಪರವಾನಗಿ ಪಡೆದ ಅಂಗಡಿಯೊಂದರಲ್ಲಿ ಬಂದೂಕು ರಿಪೇರಿ ನೋಡಿಕೊಳ್ಳುತ್ತಿರುವ, ಬೆಳಗಾವಿ ಕಡೆಯ ನಮ್ಮ ಸುಬೇದಾರರು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಒಬ್ಬರಿಗೆ ಒಂದೇ ಪ್ರಶ್ನೆ.

ಔಂಧ್ ಸದಸ್ಯ: ಸುಬೇದಾರ್ ಸಾಹೇಬರಿಗೆ ನಮಸ್ಕಾರ. ಮಗಳು ಬಾಲೇವಾಡಿಯಲ್ಲಿ ಶೂಟಿಂಗ್ ಅಭ್ಯಾಸ ಮಾಡುತ್ತಾಳೆ. ಪಾಯಿಂಟ್ 22 ರೈಫಲ್ ಒಂದು ಮನೆಯಲ್ಲಿದೆ. ಅಡುಗೆಮನೆಯ ಕೆಲಸಕ್ಕೆ ಬಡಗಿಗಳು ಹನ್ನೆರಡು ದಿನ ಬರುತ್ತಾರೆ. ರೈಫಲ್ ಉಕ್ಕಿನ ಕಪಾಟಿನಲ್ಲಿದ್ದು, ಕೀಲಿಯನ್ನು ದೇವರ ಫೋಟೋದ ಹಿಂದೆ ಇಡುತ್ತೇವೆ. ಸಾಕೇ?

ಸುಬೇದಾರರು: ಸಾಲದು. ಬಡಗಿ ಬಂದ ಮೊದಲ ದಿನವೇ ದೇವರ ಗೂಡನ್ನು ಕೆಳಗಿಳಿಸುತ್ತಾನೆ, ಆಗ ನಿಮ್ಮ ಕೀಲಿ ಅವನ ಅಂಗೈ ಮೇಲೆ ಬೀಳುತ್ತದೆ. ಬಟ್ಟೆಯ ಕಪಾಟು ತಿಜೋರಿಯಲ್ಲ. ಒಳಗಿನಿಂದ ಬೋಲ್ಟ್ ಹಾಕಿ ಗೋಡೆಗೆ ಕಚ್ಚಿಸಿದ ಸಣ್ಣ ತಿಜೋರಿ ಬೇಕು, ಮತ್ತು ಅದನ್ನು ಕೂರಿಸುವವನು ಈಗ ಬರಲಿರುವ ಬಡಗಿಯೇ ಆಗಬಾರದು. ರೈಫಲ್ಲಿನ ಬೋಲ್ಟ್, ಅಂದರೆ ಗುಂಡನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗವನ್ನು, ಬಿಚ್ಚಿ ಬೇರೊಂದು ಬೀಗದಲ್ಲಿ ಇಡಿ, ಕಾಡತೂಸುಗಳನ್ನು ಮೂರನೆಯ ಕಡೆ ಇಡಿ. ಕ್ಲಬ್ಬಿನ ಶಸ್ತ್ರಾಗಾರದಲ್ಲಿ ಇಡಲು ಅವಕಾಶವಿದ್ದರೆ ಆ ಹನ್ನೆರಡು ದಿನ ಅಲ್ಲಿಯೇ ಇರಲಿ. ಇನ್ನೊಂದು ಮಾತು. ಎಲ್ಲರೂ ಕೆಲಸ ಶುರುವಾಗುವ ಹಿಂದಿನ ರಾತ್ರಿ ಬಂದೂಕನ್ನು ಸರಿಸುತ್ತಾರೆ. ಆದರೆ ಮನೆಯ ಪ್ರತಿ ಕಪಾಟನ್ನೂ ತೆರೆದು ನೋಡುವವನು ಬಣ್ಣ ಬಳಿಯುವ ಹುಡುಗನಲ್ಲ, ಅದಕ್ಕೂ ಹದಿನೈದು ದಿನ ಮೊದಲು ಅಳತೆ ತೆಗೆಯಲು ಬರುವವನು. ಅವನು ಬರುವ ಮುನ್ನವೇ ಸರಿಸಬೇಕು.

ಕೊಥ್ರೂಡ್ ಸದಸ್ಯ: ಏರ್‌ಗನ್‌ಗೂ ಇದೆಲ್ಲ ಬೇಕೇ ಸರ್? ಪರವಾನಗಿ ಬೇಕೇ?

ಸುಬೇದಾರರು: 2016ರ ಶಸ್ತ್ರ ನಿಯಮಗಳ ಪ್ರಕಾರ, 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ. ಬೀಗ ಬೇಕು. ಕಣ್ಣು ಹೋಗಲು ಅಷ್ಟು ಶಕ್ತಿ ಸಾಕು.

ಕೋಂಢವಾ ಸದಸ್ಯೆ: ನನಗೆ ಬಂದ ಸಂದೇಶವೊಂದನ್ನು ಇಲ್ಲಿ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗವಾದೀತು. "ಬಂದೂಕನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟರೆ ಕಳ್ಳರಿಗೂ ಸಿಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಕಾಡತೂಸುಗಳಿಗೆ ಕೊಬ್ಬರಿ ಎಣ್ಣೆ ಸವರಿ ಫ್ರಿಜ್‌ನಲ್ಲಿ ಇಡಿ."

ಸುಬೇದಾರರು: ತಾಯಿ, ಇದನ್ನು ಬರೆದವರು ಬಂದೂಕನ್ನೂ ನೋಡಿಲ್ಲ, ಅಕ್ಕಿಯನ್ನೂ ಅಳೆದಿಲ್ಲ. ಅಕ್ಕಿಯ ಧೂಳು ಯಂತ್ರಭಾಗದೊಳಗೆ ಸೇರುತ್ತದೆ, ಬಟ್ಟೆ ಮಳೆಗಾಲದ ತೇವವನ್ನು ಹೀರಿ ಲೋಹಕ್ಕೆ ಅಂಟಿಸಿಡುತ್ತದೆ. ಎಣ್ಣೆ ಕಾಡತೂಸಿನ ಹಿಂಬದಿಯ ಸಿಡಿಮದ್ದಿಗೆ ಇಳಿದರೆ, ಹೊಡೆದಾಗ ಅದು ಸಿಡಿಯದೆ ಹೋಗಬಹುದು, ಅಥವಾ ಕ್ಷಣ ತಡೆದು ಸಿಡಿಯಬಹುದು. ಎರಡನೆಯದು ಹೆಚ್ಚು ಅಪಾಯ. ಫ್ರಿಜ್‌ನಿಂದ ಹೊರತೆಗೆದ ಕಾಡತೂಸಿನ ಮೇಲೆ ನೀರು ಕಟ್ಟುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅಡುಗೆಮನೆಯ ಡಬ್ಬಿಗಳನ್ನು ಎತ್ತಿ ಬದಿಗಿಡುವವನೇ ಕೆಲಸಗಾರ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಕೋಂಢವಾ ಸದಸ್ಯೆ: ಒಳ್ಳೆಯದಕ್ಕೆಂದು ಹಾಕಿದೆ. ಇಷ್ಟು ಖಾರವಾಗಿ ಹೇಳಬೇಕಿರಲಿಲ್ಲ.

ವಾನವಡಿ ಸದಸ್ಯೆ: ಸುಬೇದಾರ್ ಕಾಕಾ, ನನ್ನ ಪ್ರಶ್ನೆ ಚಿಕ್ಕದು. ನಮ್ಮ ಮಾವನವರು ಸೈನ್ಯದಿಂದ ನಿವೃತ್ತರಾಗಿದ್ದವರು. ನಾಲ್ಕು ತಿಂಗಳ ಹಿಂದೆ ತೀರಿಕೊಂಡರು. ಅವರ ಜೋಡುನಳಿಗೆ ಬಂದೂಕು ಮತ್ತು ಪಾಯಿಂಟ್ 32 ರಿವಾಲ್ವರ್ ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಯಜಮಾನರು ಹಡಗಿನಲ್ಲಿದ್ದಾರೆ, ಜನವರಿಗೆ ಬರುತ್ತಾರೆ. ಸೋಮವಾರದಿಂದ ಬಣ್ಣದವರು ಒಂಬತ್ತು ದಿನ ಕೆಲಸ ಮಾಡುತ್ತಾರೆ, ಕೀಲಿಯನ್ನು ವಾಚ್‌ಮನ್ ಬಳಿ ಬಿಟ್ಟು ನಾನು ಬ್ಯಾಂಕಿಗೆ ಹೋಗುತ್ತೇನೆ. ಟ್ರಂಕಿಗೆ ಇನ್ನೊಂದು ಬೀಗ ಹಾಕಿದರೆ ಸಾಕಲ್ಲವೇ? ಅವು ತುಂಬಿವೆಯೋ ಖಾಲಿಯೋ ನನಗೆ ತಿಳಿಯದು. ತೆರೆದು ನೋಡಲೇ?

ಸುಬೇದಾರರು: ತಂಗಿ, ತೆರೆಯಬೇಡ, ಟ್ರಂಕನ್ನು ಕೆಳಗಿಳಿಸಲೂ ಬೇಡ. ನಿನ್ನದು ಬಣ್ಣದವರ ಪ್ರಶ್ನೆಯೇ ಅಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪರವಾನಗಿ ನಿನ್ನ ಮಾವನವರ ಹೆಸರಿಗೆ ಇದ್ದದ್ದು, ಅವರೊಂದಿಗೆ ಅದು ಮುಗಿಯಿತು. ಮನೆ, ಬ್ಯಾಂಕಿನ ಠೇವಣಿ ವಾರಸುದಾರರಿಗೆ ಬಂದಂತೆ ಬಂದೂಕು ತಾನಾಗಿ ಬರುವುದಿಲ್ಲ. 1959ರ ಶಸ್ತ್ರ ಕಾಯ್ದೆಯ 21ನೆಯ ಕಲಂ ಪ್ರಕಾರ, ಯಾವ ಕಾರಣದಿಂದಲೇ ಆಗಲಿ ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧವನ್ನು ಅನಗತ್ಯ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಅದಕ್ಕೆಂದು ಪರವಾನಗಿ ಇರುವ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ನಾಲ್ಕು ತಿಂಗಳು ದುಃಖದಲ್ಲಿ ಕಳೆದುಹೋದವೆಂದು ಯಾರಾದರೂ ಅರ್ಥಮಾಡಿಕೊಂಡಾರು. ಆದರೆ ಆ ಒಂಬತ್ತು ದಿನಗಳಲ್ಲಿ ಒಂದು ಆಯುಧ ಕಾಣೆಯಾದರೆ, ಯಾರೂ ಇಲ್ಲದ ಮನೆಯಲ್ಲಿ ಪರವಾನಗಿ ಇಲ್ಲದ ಬಂದೂಕನ್ನು ಬಿಟ್ಟುಹೋದವಳು ನೀನು ಎಂದೇ ಕಾಗದದಲ್ಲಿ ಬರೆಯಲಾಗುತ್ತದೆ.

ಎರಡನೆಯದು ಅಟ್ಟದ ವಿಷಯ. ಬಣ್ಣದವರು ಮೊದಲು ಖಾಲಿ ಮಾಡುವುದೇ ಅಟ್ಟವನ್ನು. ಕುದುರೆ, ಅಂದರೆ ಹೊಡೆಯುವ ಸುತ್ತಿಗೆ, ಹೊರಗಿರುವ ಹಳೆಯ ಜೋಡುನಳಿಗೆ ಬಂದೂಕುಗಳಲ್ಲಿ ಕೆಲವಕ್ಕೆ, ಕುದುರೆ ನೇರವಾಗಿ ಕಾಡತೂಸನ್ನು ಸಿಡಿಸುವ ಸೂಜಿಯ ಮೇಲೆ ಕೂತಿರುತ್ತದೆ. ತುಂಬಿದ್ದರೆ ಎಂಟು ಅಡಿಯಿಂದ ಬಿದ್ದ ಪೆಟ್ಟೇ ಅದಕ್ಕೆ ಟ್ರಿಗರ್. ಹಳೆಯ ಕೆಲವು ರಿವಾಲ್ವರ್‌ಗಳೂ ಹಾಗೆಯೇ. ನನ್ನ ಮೇಜಿನ ಮೇಲೆ ಬರುವ ಇಂಥ 'ಖಾಲಿ' ಆಯುಧಗಳಲ್ಲಿ ನಿಜಕ್ಕೂ ಖಾಲಿಯಾದವು ಎಷ್ಟೆಂದು ಕೇಳಬೇಡ. ಸೈನ್ಯದವರ ಮನೆ, ಆದ್ದರಿಂದ ಖಾಲಿಯೇ ಇರುತ್ತದೆ ಎಂದೂ ನಂಬಬೇಡ. ನಾನೂ ಸೈನ್ಯದವನೇ, ಅದಕ್ಕೇ ಹೇಳುತ್ತಿದ್ದೇನೆ.

ನೀನೇ ಕಾರಿನಲ್ಲಿ ಹಾಕಿಕೊಂಡು ಹೊರಡಬೇಡ, ನಿನಗೆ ಒಯ್ಯುವ ಹಕ್ಕೂ ಇಲ್ಲ. ನಾಳೆ ಬೆಳಗ್ಗೆ ಮರಣ ಪ್ರಮಾಣಪತ್ರ ಮತ್ತು ಮೂಲ ಪರವಾನಗಿ ಪುಸ್ತಕ ತೆಗೆದುಕೊಂಡು ನಿಮ್ಮ ಠಾಣೆಗೆ ಹೋಗು. ಆಯುಧಗಳು ಮನೆಯಲ್ಲಿವೆ, ನನಗೆ ಮುಟ್ಟಲು ಬರುವುದಿಲ್ಲ, ಬಂದು ವಶಕ್ಕೆ ತೆಗೆದುಕೊಳ್ಳಿ ಎಂದು ಬರೆದು ಕೊಟ್ಟು, ಅದರ ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೋ. ಅವರು ಒಯ್ಯುವಾಗ ಆಯುಧದ ನಂಬರು, ಕಾಡತೂಸಿನ ಸಂಖ್ಯೆ ಇರುವ ರಸೀದಿ ಪಡೆಯದೆ ಟ್ರಂಕು ಬಾಗಿಲು ದಾಟಬಾರದು. ಯಜಮಾನರಿಗೆ ಅವು ಬೇಕಿದ್ದರೆ ಜನವರಿಯಲ್ಲಿ ವಾರಸುದಾರರಾಗಿ ತಮ್ಮ ಹೆಸರಿಗೆ ಅರ್ಜಿ ಹಾಕಲಿ, ಬೇಡದಿದ್ದರೆ ಮಾರುವ ದಾರಿಯೂ ಇದೆ. ಅದು ಮುಗಿಯುವವರೆಗೆ ಬಣ್ಣದವರಿಗೆ ಬರಬೇಡವೆಂದು ಹೇಳು. ಪರವಾನಗಿ ಪುಸ್ತಕದಲ್ಲಿ ಎಷ್ಟು ಕಾಡತೂಸು ಕೊಂಡದ್ದೆಂದು ನಮೂದಾಗಿದೆ ಎಂಬುದನ್ನು ನೋಡಿ ಇಲ್ಲಿ ತಿಳಿಸು.

ನಿಗಡಿ ಸದಸ್ಯ: ನಮ್ಮದು ಪಿಂಪರಿ-ಚಿಂಚವಡ. 2018ರಿಂದ ನಮಗೆ ಬೇರೆ ಪೊಲೀಸ್ ಆಯುಕ್ತಾಲಯವಾಗಿದೆ. ನನ್ನ ಹಳೆಯ ಪರವಾನಗಿ ಪುಣೆ ಆಯುಕ್ತರದ್ದು. ಠೇವಣಿ ಇಡಲು ಎಲ್ಲಿಗೆ ಹೋಗಬೇಕು?

ಹಡಪಸರ ಸದಸ್ಯ: ಇಷ್ಟೆಲ್ಲ ಯಾಕೆ? ಕೆಲಸಗಾರರ ಆಧಾರ್ ತೆಗೆದುಕೊಳ್ಳಿ, ಹೊರರಾಜ್ಯದವರನ್ನು ಕರೆಯಲೇಬೇಡಿ. ಎಲ್ಲ ಕಳ್ಳತನಗಳೂ ಅವರಿಂದಲೇ ಆಗುತ್ತವೆ. ಹಾಲಿನಲ್ಲಿ ಮೇಜಿನ ಮೇಲೆ ಎರಡು ಖಾಲಿ ಕಾಡತೂಸು ಕಾಣುವಂತೆ ಇಟ್ಟರೆ ಹೆದರಿ ಸುಮ್ಮನೆ ಕೆಲಸ ಮಾಡುತ್ತಾರೆ.

ಧನಕವಡಿ ಸದಸ್ಯ: ನಾನು ಇಂಟೀರಿಯರ್ ಗುತ್ತಿಗೆದಾರ. ಇಂಡಿ ತಾಲ್ಲೂಕಿನಿಂದ ನಮ್ಮ ಅಪ್ಪ ಗಾರೆ ಕೆಲಸಕ್ಕೆಂದು ಪುಣೆಗೆ ಬಂದವರು. 'ಹೊರರಾಜ್ಯದವರು' ಎಂದು ಬರೆದವರು, ಮಹಾರಾಷ್ಟ್ರದಲ್ಲಿ ಕೂತು ಕನ್ನಡದಲ್ಲಿ ಬರೆಯುತ್ತಿರುವ ತಾವು ಯಾರೆಂದು ಒಮ್ಮೆ ಯೋಚಿಸಲಿ. ಹೋದ ವರ್ಷ ನನ್ನ ಹುಡುಗನೊಬ್ಬ ವಾರ್ಡ್‌ರೋಬ್ ಬಿಚ್ಚುವಾಗ ಹಳೆಯ ಡ್ರಾಯರ್‌ನಿಂದ ಕಾಡತೂಸೊಂದು ಉರುಳಿತು. ಪ್ರಾಮಾಣಿಕವಾಗಿ ತಂದು ಮನೆಯೊಡೆಯರ ಕೈಗೆ ಕೊಟ್ಟ. ಸಂಜೆಯ ಹೊತ್ತಿಗೆ ಅವರು "ಇನ್ನೂ ನಾಲ್ಕು ಇದ್ದವು" ಎಂದರು. ಹುಡುಗ ಎರಡು ದಿನ ಠಾಣೆಗೆ ಅಲೆದ, ನನ್ನ ಮೂರು ಕೆಲಸಗಳು ಕೈತಪ್ಪಿದವು. ಆ ನಾಲ್ಕು ಕಾಡತೂಸು ಅವರ ಊರಿನ ಮನೆಯಲ್ಲಿಯೇ ಸಿಕ್ಕವು. ಕ್ಷಮೆಯ ಮಾತು ಮಾತ್ರ ಬರಲಿಲ್ಲ.

ಹಡಪಸರ ಸದಸ್ಯ: ಒಬ್ಬ ಪ್ರಾಮಾಣಿಕನಾದರೆ ಎಲ್ಲರೂ ಹಾಗೇ ಎನ್ನಬೇಕೇ? ಬಿಲ್ಲಿನಲ್ಲಿ ನೀವು ಮಾಡುವ ಮೋಸದ ಬಗ್ಗೆಯೂ ಬರೆಯಲೇ?

ಧನಕವಡಿ ಸದಸ್ಯ: ಬರೆಯಿರಿ. ನಿಮ್ಮ ಮನೆಯ ಕೆಲಸ ನಾನು ಮಾಡಿಲ್ಲ, ಇನ್ನು ಮಾಡುವುದೂ ಇಲ್ಲ.

ಸುಬೇದಾರರು: ಗುತ್ತಿಗೆದಾರರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಗುರುತಿನ ಪತ್ರ ತೆಗೆದುಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ, ಆದರೆ ಆಧಾರ್ ಕಾರ್ಡು ಬೀಗವಲ್ಲ. ಬಂದೂಕು ಭದ್ರವಾಗಿದ್ದು, ಕಾಡತೂಸುಗಳನ್ನು ಎಣಿಸಿ ಬರೆದಿಟ್ಟಿದ್ದರೆ, ಕೆಲಸಗಾರ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಣಿಸದೆ ಬಿಟ್ಟವರು ಆಮೇಲೆ ಅವನನ್ನು ಎಣಿಸಲು ಕೂರುತ್ತಾರೆ. ಖಾಲಿ ಕಾಡತೂಸು ಮೇಜಿನ ಮೇಲೆ ಇಡುವ ಉಪಾಯ ಕೊಟ್ಟವರಿಗೆ: ಈ ಮನೆಯಲ್ಲಿ ಬಂದೂಕು ಇದೆಯೆಂದು ಬೀದಿಗೆ ಸಾರುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಬಾಣೇರ್ ಸದಸ್ಯ: ನಾವು ಕೊಡವರು. ನಮಗೆ ಪರವಾನಗಿಯೇ ಬೇಡ, ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬಕ್ಕೆ ಬಂದೂಕನ್ನು ಪೂಜಿಸುವ ನಮಗೆ ಅದನ್ನು ಹೇಗೆ ಇಡಬೇಕೆಂದು ಪುಣೆಯಲ್ಲಿ ಕಲಿಯಬೇಕಿಲ್ಲ.

ಔಂಧ್ ಸದಸ್ಯ: ಆ ವಿನಾಯಿತಿ ಮಡಿಕೇರಿಯಲ್ಲಿ ನಡೆಯುತ್ತದೆ. ಬಾಣೇರಿನಲ್ಲಿ ಅಲ್ಲ.

ಬಾಣೇರ್ ಸದಸ್ಯ: ತಿಳಿಯದೆ ಮಾತನಾಡಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ.

ಔಂಧ್ ಸದಸ್ಯ: ಒಂದು ಜಾತಿಗೆ ಒಂದು ಕಾನೂನು ಎನ್ನುವುದೇ ಸರಿಯಲ್ಲ.

ಬಾಣೇರ್ ಸದಸ್ಯ: ಅದನ್ನು ಹೈಕೋರ್ಟಿಗೆ ಹೋಗಿ ಹೇಳಿ, ನನಗಲ್ಲ.

ಸುಬೇದಾರರು: ಇಬ್ಬರೂ ನಿಲ್ಲಿಸಿ. ಕೊಡಗಿನ ಹೊರಗೆ ವಾಸಿಸುವಾಗಲೂ ಆ ವಿನಾಯಿತಿ ಇದೆ, ಆದರೆ ಮಿತಿಯೊಳಗೆ: ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನಯನಳಿಗೆಯ (ಒಳಗೆ ಸುರುಳಿ ಗೆರೆಗಳಿಲ್ಲದ ನಳಿಗೆಯ) ಬಂದೂಕು ಮತ್ತು 500 ಕಾಡತೂಸು. ವಿನಾಯಿತಿ ಇರುವುದು ಪರವಾನಗಿಯಿಂದ. ಬೀಗದಿಂದ ಯಾರಿಗೂ ವಿನಾಯಿತಿ ಇಲ್ಲ. ಗೋಡೆಯ ಮೇಲೆ ಪೂಜೆಗೆಂದು ತೂಗುಹಾಕಿದ್ದನ್ನು ಬಣ್ಣದವನೇ ಇಳಿಸುತ್ತಾನಲ್ಲವೇ, ಅದಕ್ಕೆ ಉತ್ತರಿಸಿ.

ಕರ್ವೆನಗರ ಸದಸ್ಯ: ಏರ್‌ಗನ್‌ಗೆ ಪರವಾನಗಿ ಬೇಕೇ?

ಸುಬೇದಾರರು: ಮೇಲೆ ಓದಿ.

ಶಿವಾಜಿನಗರ ಸದಸ್ಯ: ನಾನು ವಕೀಲ. ಸೇರಿಸಬೇಕಾದ ಒಂದು ಮಾತಿದೆ. 'ಆ ಹೊತ್ತಿಗೆ ನಾನು ಮನೆಯಲ್ಲೇ ಇರಲಿಲ್ಲ' ಎಂಬ ಸಮಜಾಯಿಷಿ ಹೆಚ್ಚು ದೂರ ಸಾಗದು. ಆಯುಧ ಇರುವುದು ಗೊತ್ತಿದ್ದು, ಅದರ ಮೇಲೆ ಹತೋಟಿ ಉಳಿದಿದ್ದರೆ, ಕೈಯಲ್ಲಿ ಇಲ್ಲದಿದ್ದರೂ ಅದು ಸ್ವಾಧೀನವೇ ಎಂದು ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿಯೇ ಹೇಳಿದೆ. ಹಾಗೆಂದು ನೆರೆಮನೆಯವರಿಗೆ 'ಒಂದು ವಾರ ಇಟ್ಟುಕೊಳ್ಳಿ' ಎಂದು ಕೊಟ್ಟರೆ ಕೊಟ್ಟವರೂ ಸಿಕ್ಕಿಬೀಳುತ್ತಾರೆ, ಇಟ್ಟುಕೊಂಡವರೂ ಸಿಕ್ಕಿಬೀಳುತ್ತಾರೆ.

ಸುಬೇದಾರರು: ಸರಿ. ಕಳವಾದರೆ ತಕ್ಷಣ ಠಾಣೆಗೆ ತಿಳಿಸಬೇಕೆಂಬುದು ಪರವಾನಗಿಯ ಷರತ್ತಿನಲ್ಲಿಯೇ ಇದೆ. 'ಮನೆಯಲ್ಲೇ ಎಲ್ಲೋ ಇರಬೇಕು' ಎಂದು ವಾರಗಟ್ಟಲೆ ಹುಡುಕುತ್ತಾ ಕೂರುವವರು ಆ ಷರತ್ತನ್ನು ಒಮ್ಮೆಯಾದರೂ ಓದಿರುವುದಿಲ್ಲ.

ಕೋಂಢವಾ ಸದಸ್ಯೆ: ಇದು ಬೇರೆ ಸಂದೇಶ, ಬೈಯಬೇಡಿ. ಬಂದೂಕಿನ ಸೂಜಿಯನ್ನು ಮನೆಯಲ್ಲಿಯೇ ಬಿಚ್ಚಿ ಪರ್ಸಿನಲ್ಲಿ ಇಟ್ಟುಕೊಂಡರೆ ಅಪಾಯವಿಲ್ಲ ಎನ್ನುತ್ತಾರೆ. ವಿಡಿಯೊ ಕೂಡ ಇದೆ.

ಸುಬೇದಾರರು: ಆ ವಿಡಿಯೊ ನೋಡಿ ಬಿಚ್ಚಿದವರ ಬಂದೂಕುಗಳನ್ನು ಜೋಡಿಸುವುದರಿಂದಲೇ ನನ್ನ ಅಂಗಡಿಗೆ ಕೆಲಸ ಬರುತ್ತದೆ. ಸೂಜಿ ಇಲ್ಲದ ಬಂದೂಕನ್ನೂ ಕದಿಯಬಹುದು, ಸೂಜಿ ಮಾಡಿಸಿ ಹಾಕಿಕೊಳ್ಳಬಹುದು. ಜೋಡುನಳಿಗೆಯಾದರೆ ಮುಂಗಟ್ಟಿಗೆ, ಅಂದರೆ ನಳಿಗೆಯ ಕೆಳಗಿನ ಮರದ ತುಂಡನ್ನು, ಕಳಚಿ ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ, ಎರಡನ್ನೂ ಬೇರೆ ಬೇರೆ ಬೀಗದೊಳಗೆ ಇಡಿ. ಅದಕ್ಕೆ ಸ್ಕ್ರೂಡ್ರೈವರ್ ಬೇಡ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಗುಂಪಿನಿಂದ ಹೊರಗೆ.

ಖಡಕಿ ಸದಸ್ಯ: ನಮ್ಮ ಅಪ್ಪ ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದವರು. ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಎಂದಾಗ ಒಂದನ್ನು ಠೇವಣಿ ಇಟ್ಟೆವು. ಮನೆಯ ವಿಮೆಯಲ್ಲಿ ಉಳಿದ ಬಂದೂಕನ್ನು ಸೇರಿಸಬಹುದೇ?

ವಾನವಡಿ ಸದಸ್ಯೆ: ಕಾಕಾ, ಠಾಣೆಯಿಂದ ಇಬ್ಬರು ಬಂದು ಒಯ್ದರು, ರಸೀದಿ ಕೈಯಲ್ಲಿದೆ. ರಿವಾಲ್ವರ್ ತುಂಬಿತ್ತು. ಬಂದೂಕಿನ ಎಡನಳಿಗೆಯಲ್ಲಿಯೂ ಒಂದು ಇತ್ತು. ಆದರೆ ರಿವಾಲ್ವರಿನ ಕಾಡತೂಸು ಪುಸ್ತಕದಲ್ಲಿ 25 ಎಂದಿದೆ, ಒಳಗಿದ್ದವನ್ನೂ ಸೇರಿಸಿ ಎಣಿಸಿದಾಗ ಸಿಕ್ಕವು 22. ಹೋದ ಭಾನುವಾರ ಅಳತೆ ತೆಗೆಯುವವನು ಎರಡು ಗಂಟೆ ಒಬ್ಬನೇ ಇದ್ದ. ಅವನ ಹೆಸರನ್ನು ಠಾಣೆಗೆ ಹೇಳಲೇ?

ಹಡಪಸರ ಸದಸ್ಯ: ನಾನು ಏನು ಹೇಳಿದ್ದೆ?

ಸುಬೇದಾರರು: ಮೂರು ಕಡಿಮೆ ಇರುವುದನ್ನು ಇಂದೇ ಬರೆದು ಕೊಡು. ಯಾರ ಹೆಸರನ್ನೂ ಊಹೆಯಿಂದ ಬರೆಯಬೇಡ. ಕೇಳಿದರೆ ಮನೆಗೆ ಯಾರು ಯಾರು ಬಂದಿದ್ದರೆಂದು ಹೇಳು, ಅಳತೆಯವನೂ, ತಿಥಿಗೆ ಬಂದ ನೆಂಟರೂ ಸೇರಿ. ಮೊದಲು ಪುಸ್ತಕದಲ್ಲಿ ಕೊಂಡ ತಾರೀಖು ನೋಡು. ಯಾವ ವರ್ಷ?

ವಾನವಡಿ ಸದಸ್ಯೆ: 1998.

ಸುಬೇದಾರರು: ಅಷ್ಟು ವರ್ಷಗಳಲ್ಲಿ ನಿನ್ನ ಮಾವನವರು ಮೂರು ಸಲವಾದರೂ ಹಾರಿಸಿ ನೋಡಿರಲಿಕ್ಕಿಲ್ಲವೇ? ಅವರ ಹಳೆಯ ಗೆಳೆಯರು ಯಾರಾದರೂ ಇದ್ದರೆ ಕೇಳು. ಟ್ರಂಕಿನ ಬೀಗ ಒಡೆದಿತ್ತೇ?

ವಾನವಡಿ ಸದಸ್ಯೆ: ಇಲ್ಲ. ಪೊಲೀಸರೇ ಒಡೆದು ತೆಗೆದರು. ಕೀಲಿ ಮಾವನವರ ಜನಿವಾರದಲ್ಲೇ ಹೋಯಿತು.

ಹಿಂಜೆವಾಡಿ ಸದಸ್ಯ: ಏರ್‌ಗನ್ ಬಗ್ಗೆ ಯಾರಾದರೂ ಹೇಳುತ್ತೀರಾ?